ಹಿತ್ತಿಲ ಕೋಳಿಗೆ ಜಂತುಹುಳುವಿನ ಔಷಧ: ಅಳತೆ ಹೇಗೆ, ಮೊಟ್ಟೆ ತಿನ್ನುವುದು ಯಾವಾಗ?

ಜಂತಿನ ಔಷಧ ಕೊಟ್ಟರೂ ಕೋಳಿ ಸುಧಾರಿಸಲಿಲ್ಲ ಎನ್ನುವವರ ಹಿತ್ತಿಲಿಗೆ ಹೋಗಿ ನೋಡಿದಾಗಲೆಲ್ಲ ನನಗೆ ಕಂಡಿರುವುದು ಒಂದೇ ದೃಶ್ಯ: ಕೋಳಿಗಳು ನೀರು ಕುಡಿಯುವ ಅಲ್ಯೂಮಿನಿಯಂ ಬೋಗುಣಿಯ ತಳದಲ್ಲಿ ಸುಣ್ಣದಂತೆ ಕುಳಿತಿರುವ ಬಿಳಿಯ ಗಸಿ. ದನಕ್ಕೆಂದು ತಂದಿದ್ದ ಔಷಧವನ್ನು ಅಂದಾಜಿನ ಮೇಲೆ ಎರಡು ಮುಚ್ಚಳ ಸುರಿದಿರುತ್ತಾರೆ, ಅದು ಕರಗದೆ ತಳ ಸೇರಿರುತ್ತದೆ. ಮೇಲಿನ ತಿಳಿನೀರು ಕುಡಿದ ಕೋಳಿಗಳಿಗೆ ಏನೂ ಸಿಕ್ಕಿರುವುದಿಲ್ಲ, ಕೊನೆಗೆ ಬಂದು ತಳ ಕುಕ್ಕಿದ ಹುಂಜಕ್ಕೆ ಐದಾರು ಕೋಳಿಗಳ ಪಾಲು ಸಿಕ್ಕಿರುತ್ತದೆ. ಮರುದಿನದ ಮೊಟ್ಟೆ ಮಾತ್ರ ಎಂದಿನಂತೆ ಆಮ್ಲೆಟ್ ಆಗಿ ತಟ್ಟೆಗೆ ಬಂದಿರುತ್ತದೆ.

ಮೊದಲ ಕೆಲಸವೆಂದರೆ ಹೊಟ್ಟೆಯಲ್ಲಿ ಜಂತು ಇರುವುದನ್ನು ಖಚಿತಪಡಿಸಿಕೊಳ್ಳುವುದು. ಮೇವು ಕಡಿಮೆಯಾಗದಿದ್ದರೂ ಎದೆಯ ಮೂಳೆ ಕೈಗೆ ಚೂಪಾಗಿ ತಾಗುವುದು, ಜುಟ್ಟು ಬಿಳಿಚಿಕೊಳ್ಳುವುದು, ರೆಕ್ಕೆ ಜೋಲುವುದು ಮತ್ತು ಮೊಟ್ಟೆ ಇಳಿಮುಖವಾಗುವುದು ಸಾಮಾನ್ಯ ಲಕ್ಷಣಗಳು. ಹಿಕ್ಕೆಯಲ್ಲಿ ಶ್ಯಾವಿಗೆಯಂಥ ಉದ್ದನೆಯ ಹುಳು ಕಂಡರೆ ಅದು ದುಂಡುಹುಳು. ಅನ್ನದ ಅಗುಳಿನಂಥ ಬಿಳಿ ತುಣುಕು ಕಂಡರೆ ಲಾಡಿಹುಳು. ಏನೂ ಕಾಣದಿದ್ದರೆ ನಾಲ್ಕೈದು ಕೋಳಿಗಳ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ತುಂಬಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ, ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆಗಳು ಕಾಣುತ್ತವೆ. ಪಿಳ್ಳೆಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಹೆಚ್ಚಾಗಿ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಅದಕ್ಕೆ ಜಂತಿನ ಔಷಧದಿಂದ ಯಾವ ಪ್ರಯೋಜನವೂ ಇಲ್ಲ ಮತ್ತು ಔಷಧ ಬದಲಿಸುತ್ತಾ ಕಳೆಯುವ ಎರಡು ದಿನದಲ್ಲಿ ಅರ್ಧ ಹಿಂಡು ಹೋಗಿಬಿಡಬಹುದು.

ಎರಡನೆಯದು ಔಷಧದ ಆಯ್ಕೆ, ಇದನ್ನು ಪಶುವೈದ್ಯರಿಗೆ ಬಿಡಿ. ಆದರೂ ಇಷ್ಟು ನಿಮಗೆ ತಿಳಿದಿರಲಿ: ಪೈಪರಜಿನ್ ಬೆಳೆದ ದೊಡ್ಡ ದುಂಡುಹುಳುವನ್ನು ಮಾತ್ರ ಹೊರಹಾಕುತ್ತದೆ, ಲಾಡಿಹುಳುವಿನ ಮೇಲೆ ಅದರ ಆಟ ನಡೆಯುವುದಿಲ್ಲ. ಆಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್‌ಗಳ ವ್ಯಾಪ್ತಿ ಅದಕ್ಕಿಂತ ದೊಡ್ಡದು. ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಅನ್ನು ಕೋಳಿಯ ಬಾಯಿಗೆ ಹನಿ ಹಾಕುವ ಅಭ್ಯಾಸ ಇತ್ತೀಚೆಗೆ ಹಬ್ಬಿದೆ. ಮೊಟ್ಟೆ ಇಡುವ ಕೋಳಿಗೆ ಅದನ್ನು ಹಾಕಲೇಬೇಡಿ, ಅದರ ಶೇಷ ಮೊಟ್ಟೆಯ ಹಳದಿಯಲ್ಲಿ ಉಳಿಯುತ್ತದೆ. ಬೇವಿನ ಸೊಪ್ಪು, ಕುಂಬಳದ ಬೀಜಗಳನ್ನು ತಿನ್ನಿಸಿದರೆ ತೊಂದರೆಯಿಲ್ಲ, ಆದರೆ ಜಂತು ತುಂಬಿದ ಹೊಟ್ಟೆಗೆ ಅದೇ ಚಿಕಿತ್ಸೆ ಎಂದುಕೊಂಡು ಕುಳಿತರೆ ಕೋಳಿ ಸೊರಗುತ್ತದೆ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಅಳತೆಯಲ್ಲಿ. ಕೋಳಿಯನ್ನು ತೂಗದೆ ಔಷಧ ಕೊಡಬಾರದು. ನಮ್ಮ ನಾಟಿ ಹೇಂಟೆ ಒಂದೂವರೆ ಕಿಲೋ ತೂಗಿದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮೂರು ಕಿಲೋ ದಾಟುತ್ತದೆ. ಎರಡೂ ಒಂದೇ ಗೂಡಿನಲ್ಲಿದ್ದಾಗ ‘ಕೋಳಿಗೆ ಅರ್ಧ ಚಮಚ’ ಎಂಬ ಲೆಕ್ಕಕ್ಕೆ ಅರ್ಥವೇ ಇಲ್ಲ. ಕೋಳಿಯನ್ನು ಬಟ್ಟೆಯ ಚೀಲದಲ್ಲಿ ತಲೆ ಹೊರಗಿರುವಂತೆ ಕೂರಿಸಿ ಸ್ಪ್ರಿಂಗ್ ತಕ್ಕಡಿಗೆ ತೂಗು ಹಾಕಿದರೆ ಅರ್ಧ ನಿಮಿಷದ ಕೆಲಸ. ಆಮೇಲೆ ಬಾಟಲಿಯ ಮೇಲಿನ ಪ್ರಮಾಣ ಓದಿ. ದನ, ಕುರಿಗಳ ಆಲ್ಬೆಂಡಜೋಲ್ ಬಾಟಲಿಯ ಮೇಲೆ ಶೇ 2.5 ಎಂದಿದ್ದರೆ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ ಔಷಧವಿದೆ ಎಂದರ್ಥ. ವೈದ್ಯರು ಕಿಲೋ ತೂಕಕ್ಕೆ 10 ಮಿಲಿಗ್ರಾಂ ಎಂದು ಬರೆದುಕೊಟ್ಟಿದ್ದರೆ ಒಂದೂವರೆ ಕಿಲೋ ಹೇಂಟೆಗೆ 15 ಮಿಲಿಗ್ರಾಂ, ಅಂದರೆ 0.6 ಮಿಲಿ, ಮೂರು ಕಿಲೋ ಗಿರಿರಾಜಕ್ಕೆ 1.2 ಮಿಲಿ. ಮನೆಯಲ್ಲಿ ಮಕ್ಕಳಿಗೆ ತಂದ 10 ಮಿಲಿಯ ಆಲ್ಬೆಂಡಜೋಲ್ ಬಾಟಲಿಯಲ್ಲಿ 400 ಮಿಲಿಗ್ರಾಂ ಇರುತ್ತದೆ, ಅಂದರೆ ಮಿಲಿಗೆ 40. ದನದ ಔಷಧದ ಅಳತೆಯಲ್ಲೇ ಇದನ್ನೂ ಕೊಟ್ಟರೆ ಕೋಳಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಹೋಗುತ್ತದೆ. ಸೂಜಿ ತೆಗೆದ ಎರಡು ಮಿಲಿಯ ಸಾಧಾರಣ ಸಿರಿಂಜ್ ಬಳಸಿ. ಅಜ್ಜನ ಇನ್ಸುಲಿನ್ ಸಿರಿಂಜ್ ಬೇಡ, ಅದರ ಮೇಲಿನ ಅಂಕಿಗಳು ಮಿಲಿಗಳಲ್ಲ, ಯೂನಿಟ್‌ಗಳು.

ಹತ್ತಿಪ್ಪತ್ತು ಕೋಳಿಗಳಿರುವ ಮನೆಯಲ್ಲಿ ಒಂದೊಂದನ್ನೂ ಹಿಡಿದು ಬಾಯಿಗೇ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಗಲಿನಲ್ಲಿ ಅಟ್ಟಾಡಿಸಿ ಹಿಡಿಯುವ ಬದಲು ಕತ್ತಲಾಗಿ ಎಲ್ಲವೂ ಗೂಡು ಸೇರಿದ ಮೇಲೆ ಶುರು ಮಾಡಿದರೆ ಕೋಳಿಯೂ ಗಾಬರಿಯಾಗುವುದಿಲ್ಲ, ಲೆಕ್ಕವೂ ತಪ್ಪುವುದಿಲ್ಲ. ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು. ಕೋಳಿಯನ್ನು ಕಂಕುಳಲ್ಲಿ ಒತ್ತಿಕೊಂಡು, ತಲೆಯನ್ನು ಹಿಂದಕ್ಕೆ ಬಾಗಿಸದೆ ನೇರವಾಗಿ ಹಿಡಿದು, ಕೊಕ್ಕಿನ ಪಕ್ಕದಿಂದ ಎರಡು ಮೂರು ಹನಿ ಬಿಟ್ಟು, ಅದು ನುಂಗಿದ್ದನ್ನು ನೋಡಿ ಮುಂದಿನ ಹನಿ ಬಿಡಬೇಕು. ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುವುದು ಬ್ಯಾಟರಿ ಬೆಳಕಿನಲ್ಲಿ ಕಾಣುತ್ತದೆ. ಅದು ಶ್ವಾಸನಾಳದ ಬಾಯಿ, ಬಾಯಿ ಅಗಲಿಸಿ ಒಮ್ಮೆಗೇ ಒತ್ತಿದ ಔಷಧ ಅಲ್ಲಿಗಿಳಿದು ಕೋಳಿ ಉಸಿರುಗಟ್ಟಿ ಸಾಯುತ್ತದೆ. ನಾನು ಸ್ವತಃ ಒಂದು ಯಾಟೆಯನ್ನು, ಅಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೆಣ್ಣು ಕೋಳಿಯನ್ನು, ಹೀಗೆ ಕಳೆದುಕೊಂಡಿದ್ದೇನೆ. ಔಷಧ ಕೊಟ್ಟ ಕೋಳಿಯ ಕಾಲಿಗೆ ಬಣ್ಣದ ದಾರ ಕಟ್ಟಿ ಬೇರೆ ಮಂಕರಿಯಡಿ ಬಿಡಿ.

ಪೈಪರಜಿನ್ ನೀರಿನಲ್ಲಿ ಕರಗುವುದರಿಂದ ಅದನ್ನು ನೀರಿಗೆ ಹಾಕಬಹುದು. ಹತ್ತು ದೊಡ್ಡ ಕೋಳಿಗಳು ದಿನಕ್ಕೆ ಎರಡು ಲೀಟರಿನಷ್ಟು ನೀರು ಕುಡಿಯುತ್ತವೆ. ಹೀಗಾಗಿ ಇಡೀ ಹಿಂಡಿನ ಔಷಧವನ್ನು ಅರ್ಧ ಲೀಟರಿಗೆ ಬೆರೆಸಿ, ಬೆಳಿಗ್ಗೆ ಮೊದಲ ನೀರಾಗಿ ಎರಡು ಮೂರು ಪಾತ್ರೆಗಳಲ್ಲಿ ಇಟ್ಟರೆ ಸೋಲುವ ಕೋಳಿಗೂ ಪಾಲು ಸಿಗುತ್ತದೆ. ಆ ನೀರು ಖಾಲಿಯಾಗುವವರೆಗೆ ಗೂಡಿನ ಬಾಗಿಲು ತೆಗೆಯಬೇಡಿ. ತೆಗೆದರೆ ಅವು ಬಚ್ಚಲ ಮೋರಿಯ ನೀರು ಕುಡಿದು ಬಂದು ನಿಮ್ಮ ಪಾತ್ರೆಯತ್ತ ತಿರುಗಿಯೂ ನೋಡುವುದಿಲ್ಲ.

ಮರುದಿನ ಮಧ್ಯಾಹ್ನದವರೆಗೆ ಗೂಡಿನಲ್ಲೇ ಇರಿಸಿ, ಬಿದ್ದ ಹಿಕ್ಕೆಯನ್ನು ಗುಡಿಸಿ ಆಳವಾಗಿ ಹೂಳಿರಿ. ಹುಳು ಕಂಡರೆ ಕೋಳಿಗಳೇ ಮುಗಿಬಿದ್ದು ತಿನ್ನುತ್ತವೆ.

ಇನ್ನು ಮೊಟ್ಟೆಯ ವಿಚಾರ. ಕೋಳಿಯ ದುಂಡುಹುಳು ಮನುಷ್ಯನ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ. ಕೆಳಗಿನಿಂದ ಅಂಡನಾಳಕ್ಕೆ ದಾರಿ ತಪ್ಪಿ ಹೋದ ಹುಳುವೊಂದು ಅಪರೂಪಕ್ಕೆ ಮೊಟ್ಟೆಯೊಳಗೇ ಸಿಕ್ಕಿಬಿಡುವುದುಂಟು. ಅಂಥ ಮೊಟ್ಟೆಯನ್ನು ಹೇಸಿಗೆಯಿಂದ ಎಸೆಯಬಹುದೇ ಹೊರತು ಭಯಪಡಬೇಕಿಲ್ಲ. ಯೋಚಿಸಬೇಕಾದದ್ದು ಔಷಧದ ಬಗ್ಗೆ. ಚಿಪ್ಪು, ಬಿಳಿ ಲೋಳೆಗಳು ಒಂದು ದಿನದಲ್ಲಿ ಸಿದ್ಧವಾಗುತ್ತವೆ, ಆದರೆ ಹಳದಿ ಭಾಗ ಸುಮಾರು ಹತ್ತು ದಿನಗಳ ಕಾಲ ಪದರ ಪದರವಾಗಿ ತುಂಬಿಕೊಳ್ಳುತ್ತದೆ. ಇಂದು ಕೊಟ್ಟ ಔಷಧದ ಅಂಶ ಮುಂದಿನ ವಾರ ಇಡುವ ಮೊಟ್ಟೆಯಲ್ಲೂ ಇರಬಹುದಾದ್ದರಿಂದ ‘ಎರಡು ದಿನ ಬಿಟ್ಟು ತಿನ್ನಿ’ ಎಂಬ ಅಂಗಡಿ ಸಲಹೆಯನ್ನು ನಂಬಬೇಡಿ. ಮೊಟ್ಟೆಯನ್ನು ಬೇಯಿಸಿದರೆ ಔಷಧದ ಶೇಷ ಹೋಗುತ್ತದೆ ಎಂದೂ ನಂಬುವಂತಿಲ್ಲ.

ಒಂದು ದಿನವೂ ಕಾಯಬೇಕಿಲ್ಲದ ಔಷಧಗಳೂ ಇವೆ. ಯುರೋಪು ಮತ್ತು ಅಮೆರಿಕದಲ್ಲಿ ಕೋಳಿಗೆಂದೇ ತಯಾರಿಸಿದ, ನೀರಿಗೆ ಬೆರೆಯುವ ಫೆನ್‌ಬೆಂಡಜೋಲ್ ಅನ್ನು ಕಿಲೋಗೆ 1 ಮಿಲಿಗ್ರಾಂನಂತೆ ಐದು ದಿನ ಕೊಡುವಾಗಲೂ ಮೊಟ್ಟೆ ತಿನ್ನಲು ಅನುಮತಿಯಿದೆ. ಅಂತರ್ಜಾಲದಲ್ಲಿ ಇದನ್ನು ಓದಿದವರು ದನದ ಫೆನ್‌ಬೆಂಡಜೋಲ್ ಮಾತ್ರೆಯನ್ನು ಪುಡಿಮಾಡಿ ತಿನ್ನಿಸಿ, ಮೊಟ್ಟೆಗೂ ಅದೇ ವಿನಾಯಿತಿ ಹಚ್ಚುತ್ತಾರೆ. ಆ ಅನುಮತಿ ಆ ತಯಾರಿಕೆಗೆ ಮತ್ತು ಆ ಪ್ರಮಾಣಕ್ಕೆ ಮಾತ್ರ ಸಲ್ಲುತ್ತದೆ. ನಮ್ಮಲ್ಲಿ ಧಾರಾಳವಾಗಿ ಸಿಗುವ ಲೆವಮಿಸೋಲ್ ಅನ್ನು ಮಾರಾಟದ ಮೊಟ್ಟೆ ಇಡುವ ಕೋಳಿಗಳಿಗೆ ಕೊಡಲು ಯುರೋಪಿನಲ್ಲಿ ಅವಕಾಶವೇ ಇಲ್ಲ.

ಲೇಬಲ್ ಮೇಲೆ ಮೊಟ್ಟೆಯ ಅವಧಿ ಬರೆದಿದ್ದರೆ ಅದನ್ನು ಪಾಲಿಸಿ. ಬರೆದಿಲ್ಲದಿದ್ದರೆ ವೈದ್ಯರನ್ನು ಕೇಳಿ. ಅವರು ಹೆಚ್ಚು ಹೇಳದ ಹೊರತು ನಾನು ಹದಿನಾಲ್ಕು ದಿನ ಬಿಡುತ್ತೇನೆ, ಅದನ್ನೂ ಕೊನೆಯ ಡೋಸಿನಿಂದ ಎಣಿಸುತ್ತೇನೆ. ಆ ಅವಧಿಯ ಮೊಟ್ಟೆಗಳನ್ನು ಕೋಳಿಗೇ ಬೇಯಿಸಿ ಹಾಕಿದರೆ ಔಷಧ ಮತ್ತೆ ಸುತ್ತು ಬರುತ್ತದೆ, ಕಾವಿಗೆ ಇಡುವುದೂ ಬೇಡ. ಗುಂಡಿ ತೋಡಿ ಮುಚ್ಚಿ.

ಮೊದಲ ಡೋಸಿನಲ್ಲಿ ಉಳಿದ ಮರಿಹುಳುಗಳು ಬೆಳೆಯುವಷ್ಟರಲ್ಲಿ, ಅಂದರೆ ಎರಡು ಮೂರು ವಾರಗಳಲ್ಲಿ, ಎರಡನೇ ಡೋಸ್ ಬೇಕಾಗುವುದರಿಂದ ಒಟ್ಟಾರೆ ಒಂದು ತಿಂಗಳ ಮೊಟ್ಟೆ ಕೈತಪ್ಪುತ್ತದೆ. ಈ ನಷ್ಟ ತಪ್ಪಿಸಲು ಸುಲಭದ ಉಪಾಯವಿದೆ: ಯಾಟೆಗಳಿಗೆ ಮೊಟ್ಟೆಗೆ ಬರುವ ತಿಂಗಳ ಮೊದಲೇ, ನಾಟಿ ಹೇಂಟೆಗೆ ಅದು ಪಿಳ್ಳೆಗಳನ್ನು ಕಟ್ಟಿಕೊಂಡು ತಿರುಗುವ ದಿನಗಳಲ್ಲಿ ಔಷಧ ಮುಗಿಸಿಬಿಡಿ, ಆಗ ಹೇಗೂ ಅವು ಮೊಟ್ಟೆ ಇಡುವುದಿಲ್ಲ. ಕೊಕ್ಕರೆ ರೋಗದ ಲಸಿಕೆ ಹಾಕಿಸುವುದಿದ್ದರೆ ಅದಕ್ಕೆ ಒಂದು ವಾರ ಮೊದಲು ಕೊಡುವುದು ಒಳ್ಳೆಯದು. ಮಾಂಸಕ್ಕೂ ಬಿಡುವಿನ ಅವಧಿ ಇರುವುದರಿಂದ, ಮಾರಿಹಬ್ಬಕ್ಕೆಂದು ಮೀಸಲಿಟ್ಟ ಹುಂಜದ ಲೆಕ್ಕವನ್ನು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ, ಮೊದಲ ಡೋಸಿನ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.