ಡೈರಿ ಮುಂದಿನ ಬಯಲಲ್ಲಿ ಸಂವಿಧಾನ ಸಭೆ

2024ರ ನವೆಂಬರ್ 26ಕ್ಕೆ ನಮ್ಮ ಸಂವಿಧಾನ ಅಂಗೀಕಾರವಾಗಿ 75 ವರ್ಷ ತುಂಬಿತು. ವರ್ಷವಿಡೀ ಕಾರ್ಯಕ್ರಮ ಮಾಡಿ ಎಂದು ಕಾಲೇಜುಗಳಿಗೆ ಸುತ್ತೋಲೆ ಬಂತು. ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ ಜವಾಬ್ದಾರಿಯೂ ನನ್ನದೇ. ಹಾಗಾಗಿ ಆ ಸುತ್ತೋಲೆ ನೇರ ನನ್ನ ಟೇಬಲ್ಲಿಗೇ ಬಂತು.

ಇಂಥ ದಿನಾಚರಣೆ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ಫೋಟೋಗೆ ಹಾರ, ಪೀಠಿಕೆ ಓದು, ಅತಿಥಿಗಳ ಭಾಷಣ, ವಂದನಾರ್ಪಣೆ. ಪೀಠಿಕೆ ಓದುವುದು ಒಳ್ಳೆಯದೇ. ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅದು ಬಾಯಿಪಾಠ. ಆದರೆ ಆ ಪೀಠಿಕೆಯ ಹಿಂದೆ ಹತ್ತಿರ ಹತ್ತಿರ ಮೂರು ವರ್ಷ ನಡೆದ ವಾದ, ತಕರಾರು, ಮನವೊಲಿಕೆ ಇದೆಯಲ್ಲ, ಅದು ಯಾರ ಕಿವಿಗೂ ಬಿದ್ದಿಲ್ಲ. ಸಂವಿಧಾನ ಎಲ್ಲೋ ಬರೆದು ನಮಗೆ ಕೊಟ್ಟದ್ದು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಇಲ್ಲ, ಅದು ಒಪ್ಪದವರೆಲ್ಲ ಎದ್ದು ನಿಂತು ಮಾತಾಡಿ ಆದದ್ದು ಎಂದು ಸುಮ್ನೆ ಹೇಳಿದರೆ ಸಾಲದು. ಆ ವಾದವನ್ನೇ ಜನರ ಮುಂದೆ ಇಡಬೇಕು, ಅವರೂ ಅದರಲ್ಲಿ ಸೇರಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಸಾಮಗ್ರಿಗೆ ಕೊರತೆಯೇ ಇಲ್ಲ. ಸಂವಿಧಾನ ರಚಿಸಲೆಂದೇ ಆದ ಸಂವಿಧಾನ ಸಭೆ 1946ರ ಡಿಸೆಂಬರ್ 9ರಂದು ಮೊದಲ ಸಲ ಸೇರಿತು. ಅಲ್ಲಿಂದ 1950ರ ಜನವರಿ 24ರವರೆಗೆ ಯಾರು ಏನು ಮಾತಾಡಿದರು ಎಂಬುದೆಲ್ಲ 12 ಸಂಪುಟಗಳಲ್ಲಿ ದಾಖಲಾಗಿದೆ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಎಲ್ಲವನ್ನೂ ಮುಟ್ಟಲು ಹೋಗಬಾರದು. ರಾಷ್ಟ್ರಪತಿಯ ಅಧಿಕಾರ, ಹಣಕಾಸು ಹಂಚಿಕೆ ಇಂಥವನ್ನು ಬಿಟ್ಟೆ. ಹಳ್ಳಿಯಲ್ಲಿ ಕೂತು ಕೇಳುವವರಿಗೆ ತಮ್ಮದೇ ವಿಷಯ ಅನ್ನಿಸಬೇಕು. ಹಾಗೆ ಯೋಚಿಸಿ ಅಸ್ಪೃಶ್ಯತೆ ನಿಷೇಧದ ಚರ್ಚೆ, ಹಳ್ಳಿ ಮತ್ತು ಪಂಚಾಯಿತಿಯ ಚರ್ಚೆ, ಜೊತೆಗೆ ನಮ್ಮ ಮೈಸೂರಿನವರು ಆಡಿದ ಮಾತು, ಇವನ್ನು ಆರಿಸಿಕೊಂಡೆವು.

ನಮ್ಮವರೂ ಅಲ್ಲಿದ್ದರು ಎಂದು ಹೇಳಿದಾಗಲೇ ಮಕ್ಕಳ ಕಣ್ಣು ಅರಳಿತು. ಮೈಸೂರು ಸಂಸ್ಥಾನದಿಂದ ಏಳು ಜನ ಸದಸ್ಯರಿದ್ದರು. ಕೆ.ಸಿ. ರೆಡ್ಡಿ, ಟಿ. ಸಿದ್ದಲಿಂಗಯ್ಯ, ಕೆಂಗಲ್ ಹನುಮಂತಯ್ಯ, ಟಿ. ಚನ್ನಯ್ಯ ಇವರೆಲ್ಲ ಅದರಲ್ಲಿದ್ದರು. ಮುಂಬೈ ಪ್ರಾಂತ್ಯದ ಕಡೆಯಿಂದ ನಿಜಲಿಂಗಪ್ಪ, ಆರ್.ಆರ್. ದಿವಾಕರ್ ಇದ್ದರು. ಮೊದಲ ಕರಡು ತಯಾರಿಸಿದ ಸಲಹೆಗಾರ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನವರು. ಮೈಸೂರಿನ ಮಹಾರಾಜರು ಭಾರತದ ಸಂವಿಧಾನವನ್ನೇ ನಮ್ಮದಾಗಿ ಒಪ್ಪುತ್ತೇವೆ ಎಂದು ಘೋಷಿಸಿದ್ದು 1949ರ ನವೆಂಬರ್ 25ರಂದು, ಅಂಗೀಕಾರಕ್ಕೆ ಒಂದೇ ದಿನ ಮುಂಚೆ. ಡಿಗ್ರಿ ಮಕ್ಕಳಿಗೂ ಇದು ಹೊಸ ಸುದ್ದಿ.

ಮಕ್ಕಳು ಒಬ್ಬೊಬ್ಬ ಸದಸ್ಯರಾಗಿ ಎದ್ದು ನಿಂತು, ಅವರು ಅಂದು ಆಡಿದ ಮಾತನ್ನು ಕನ್ನಡದಲ್ಲಿ ಊರಿನವರ ಮುಂದೆ ಹೇಳಬೇಕು. ಅದರ ಅನುವಾದವನ್ನು ಮಕ್ಕಳಿಂದಲೇ ಮಾಡಿಸಿದೆ. ನಾನು ತಿದ್ದಿದ್ದು ಅರ್ಥ ತಪ್ಪಿದ ಕಡೆ ಮಾತ್ರ. ಒಬ್ಬೊಬ್ಬರ ಮಾತು ಮೂರು ನಿಮಿಷ ಮೀರಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಕೋಟು, ಕನ್ನಡಕ, ಟೋಪಿ ಹಾಕಿಕೊಳ್ಳುತ್ತೇವೆ ಎಂದು ಹುಡುಗರು ಹಟ ಹಿಡಿದರು. ಬೇಡ ಅಂದೆ. ವೇಷ ಹಾಕಿದರೆ ಜನ ವೇಷ ನೋಡುತ್ತಾರೆ, ಮಾತು ಕೇಳುವುದಿಲ್ಲ. ಅವರವರ ದಿನನಿತ್ಯದ ಬಟ್ಟೆಯಲ್ಲೇ ಬರಬೇಕು, ಎದೆಯ ಮೇಲೆ ಸದಸ್ಯರ ಹೆಸರು ಬರೆದ ಒಂದು ರಟ್ಟು ಇದ್ದರೆ ಸಾಕು.

ದಾಕ್ಷಾಯಿಣಿ ವೇಲಾಯುಧನ್ ಅವರ ಮಾತನ್ನು ದ್ವಿತೀಯ ಬಿಎ ಹುಡುಗಿಯೊಬ್ಬಳು ತೆಗೆದುಕೊಂಡಳು. ಸಂವಿಧಾನ ಸಭೆಯಲ್ಲಿ ಹದಿನೈದು ಮಹಿಳೆಯರಿದ್ದರು. ಅವರಲ್ಲಿ ದಲಿತ ಮಹಿಳೆ ಇವರೊಬ್ಬರೇ. 1912ರಲ್ಲಿ ಹುಟ್ಟಿದವರು, ಸಭೆಗೆ ಬಂದಾಗ ಇನ್ನೂ ಮೂವತ್ತರ ಹರೆಯ. 1948ರ ನವೆಂಬರ್ 29ರಂದು ಅಸ್ಪೃಶ್ಯತೆ ನಿಷೇಧದ ವಿಧಿ ಚರ್ಚೆಗೆ ಬಂದಾಗ ಅವರು ಎದ್ದು ಮಾತಾಡಿದರು. ಕಾನೂನು ಜಾರಿಯಾದರೆ ಮುಗಿಯಲಿಲ್ಲ, ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ ಎಂಬುದು ಅವರ ಮಾತಿನ ತಿರುಳು. ನಮ್ಮ ಹುಡುಗಿ ಮೊದಮೊದಲು ಪುಸ್ತಕದ ಕನ್ನಡದಲ್ಲಿ ಬರೆದುಕೊಂಡು ಬಂದಳು. ಓದುವಾಗ ಸ್ವರವೇ ಹೊರಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಾಗದವನ್ನು ಡೆಸ್ಕಿನ ಮೇಲೆ ಮಗುಚಿಟ್ಟು, "ಮೇಡಂ, ನಮ್ಮನೇಲಿ ಮಾತಾಡೋ ಹಂಗೇ ಹೇಳ್ಲಾ?" ಅಂದಳು. ಹೇಳಿದಳು. ಕ್ಲಾಸಿನ ಹುಡುಗರೆಲ್ಲ ಮೊಬೈಲು ಕೆಳಗಿಟ್ಟು ಕೂತರು. ಆಮೇಲೆ ಎಲ್ಲರ ಭಾಷಣವನ್ನೂ ಹಾಗೇ ಅವರವರ ಮನೆಮಾತಿನ ಹತ್ತಿರಕ್ಕೆ ತಂದೆವು.

ಜಾಗದ ವಿಷಯಕ್ಕೆ ನಾನು ತುಂಬ ತಲೆ ಕೆಡಿಸಿಕೊಂಡೆ. ನಮ್ಮ ಎನ್‌ಎಸ್‌ಎಸ್ ಶಿಬಿರ ನಡೆದ ಊರಿನಲ್ಲಿ ಅರಳಿಕಟ್ಟೆ ಇದೆ, ನೋಡಲು ಚೆಂದ, ನೆರಳೂ ಇದೆ. ಪಂಚಾಯಿತಿಯವರೂ ಅಲ್ಲೇ ಮಾಡಿ ಅಂದರು. ಆದರೆ ಅದು ದೇವಸ್ಥಾನದ ಪಕ್ಕ. ಕಾಲೋನಿಯವರು ಬರುತ್ತಾರೆ, ಬಂದರೂ ದೂರ ನಿಲ್ಲುತ್ತಾರೆ. ಶಿಬಿರಕ್ಕೆ ಮುಂಚೆ ಊರೆಲ್ಲ ಸುತ್ತುವಾಗ ನೋಡಿದ್ದೆ: ಬೆಳಿಗ್ಗೆ, ಸಂಜೆ ಎಲ್ಲ ಕೇರಿಯವರೂ ಒಂದೇ ಸಾಲಿನಲ್ಲಿ ನಿಲ್ಲುವುದು ಹಾಲಿನ ಡೈರಿ ಮುಂದೆ. ಯಾರ ಕ್ಯಾನು ಮುಂದಿದೆಯೋ ಅವರದ್ದು ಮೊದಲು. ಸಭೆ ಅಲ್ಲೇ ಆಗಬೇಕು ಎಂದು ಪಟ್ಟು ಹಿಡಿದೆ. ಡೈರಿ ಕಾರ್ಯದರ್ಶಿ ಸಂತೋಷದಿಂದ ಒಪ್ಪಿದರು. ಸಮಯವೂ ಅದಕ್ಕೆ ತಕ್ಕಂತೆ ಸಂಜೆ ಏಳೂವರೆಗೆ, ಹಾಲು ಹಾಕಿ, ಕ್ಯಾನು ತೊಳೆದು ಆದ ಮೇಲೆ. ಕರೆಯಲು ಮಕ್ಕಳು ಮನೆಮನೆಗೆ ಹೋದರು. ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರೆ ಹೆಂಗಸರು ಬರುವುದಿಲ್ಲ, ಇದು ನನಗೆ ಎಷ್ಟೋ ಶಿಬಿರಗಳಿಂದ ಗೊತ್ತು. ಕುರ್ಚಿ ಹಾಕಿಸಲಿಲ್ಲ. ಎಲ್ಲರಿಗೂ ಜಮಖಾನ. ಅತಿಥಿಗಳೂ ಅದರ ಮೇಲೇ.

ಊರಿನ ನಿವೃತ್ತ ಮೇಷ್ಟ್ರೊಬ್ಬರು ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ಬಾಬು ರಾಜೇಂದ್ರ ಪ್ರಸಾದರ ಜಾಗದಲ್ಲಿ ಕೂತರು, ಕೈಯಲ್ಲಿ ಶಾಲೆಯ ಗಂಟೆ. ಮಕ್ಕಳು ಮಾತಾಡಿ ಮುಗಿಸಿದ ಮೇಲೆ ಯಾರು ಬೇಕಾದರೂ ಎದ್ದು ಎರಡು ನಿಮಿಷ ಮಾತಾಡಬಹುದು, ಊರಿನ ಯಾರ ಹೆಸರನ್ನೂ ಎತ್ತಬಾರದು. ನಿಯಮ ಇವೆರಡೇ.

ಸಭೆಗೆ ಕಾವು ಬಂದದ್ದು ಹಳ್ಳಿಯ ಚರ್ಚೆಯಲ್ಲಿ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುವಾಗ ಅಂಬೇಡ್ಕರ್ ಹಳ್ಳಿಯ ಬಗ್ಗೆ ಕಟುವಾಗಿ ಮಾತಾಡಿದರು. ಹಳ್ಳಿ ಎಂದರೆ ಅಜ್ಞಾನದ, ಸಣ್ಣತನದ, ಕೋಮುಭಾವದ ಗೂಡು, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ತೆಗೆದುಕೊಂಡಿದ್ದು ತನಗೆ ಸಂತೋಷ ಎಂದರು. ಹಲವು ಸದಸ್ಯರು ಇದನ್ನು ಒಪ್ಪಲಿಲ್ಲ, ಎಚ್.ವಿ. ಕಾಮತ್ ಅಂಥವರು ನೇರವಾಗಿಯೇ ಆಕ್ಷೇಪಿಸಿದರು. ಕೊನೆಗೆ ನವೆಂಬರ್ 22ರಂದು ಕೆ. ಸಂತಾನಂ ಗ್ರಾಮ ಪಂಚಾಯಿತಿ ಬೇಕು ಎಂಬ ಹೊಸ ವಿಧಿ ತಂದರು. ಅಂಬೇಡ್ಕರ್ ಅದನ್ನು ಒಪ್ಪಿಕೊಂಡರು. ಇವತ್ತಿನ 40ನೇ ವಿಧಿ ಅದೇ.

ಈ ಮಾತನ್ನು ಹಳ್ಳಿಯಲ್ಲೇ ನಿಂತು ಹೇಳಬೇಕಾ ಎಂದು ನಮ್ಮ ಸಹೋದ್ಯೋಗಿಯೊಬ್ಬರಿಗೆ ಆತಂಕವಿತ್ತು. ನನಗೆ ಅದೇ ಬೇಕಿತ್ತು. ಹುಡುಗ ಅಂಬೇಡ್ಕರರ ಮಾತು ಮುಗಿಸಿದ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಅಜ್ಜ ಒಬ್ಬರು ಕೋಲೂರಿ ಎದ್ದರು. "ಅವ್ರು ಹೇಳಿದ್ದು ಸರಿ ಕಣವ್ವ. ಆ ಕಟ್ಟೆ ಮ್ಯಾಲೆ ನಾವು ಕೂರೋ ಹಂಗಿರ್ಲಿಲ್ಲ. ನಮ್ಮಪ್ಪ ಎಕ್ಕಡ ಕೈಲಿ ಹಿಡ್ಕಂಡು ಆ ಬೀದಿ ದಾಟ್ತಿದ್ದ" ಅಂದರು. ಮುಂದೆ ಕೂತಿದ್ದ ಯಜಮಾನರೊಬ್ಬರು ಎದ್ದು, ಈಗ ಊರು ಹಾಗಿಲ್ಲ, ಊರನ್ನೆಲ್ಲ ಒಂದೇ ಮಾತಲ್ಲಿ ಬಯ್ಯಬಾರದು ಎಂದರು. ಅಜ್ಜ ಕೂರಲಿಲ್ಲ. "ಬದಲಾಗೈತೆ, ಇಲ್ಲ ಅನ್ನಕಿಲ್ಲ. ಯಾಕೆ ಬದಲಾತು ಅಂತ ಯೋಳಿ" ಅಂದರು. ಮೇಷ್ಟ್ರು ಗಂಟೆ ಬಾರಿಸಲೇ ಇಲ್ಲ. ಆಗ ಪಂಚಾಯಿತಿ ಸದಸ್ಯೆಯೊಬ್ಬರು ಎದ್ದರು. "ಅಂಬೇಡ್ಕರ್ ಹೇಳಿದ್ದು ನಿಜ, ಆದ್ರೆ ಪಂಚಾಯ್ತಿ ಬ್ಯಾಡ ಅಂದಿದ್ರೆ ನಾನು ಇವತ್ತು ಇಲ್ಲಿ ಬಾಯಿ ಬಿಡ್ತಿರ್ಲಿಲ್ಲ" ಅಂದರು. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ, 1993ರಲ್ಲಿ ಜಾರಿಯಾದ 73ನೇ ತಿದ್ದುಪಡಿ, ಆಮೇಲೆ ನಮ್ಮ ರಾಜ್ಯ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕೊಟ್ಟ ಶೇಕಡ 50ರ ಮೀಸಲಾತಿ, ಇವನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಹೆಣ್ಣುಮಗಳು ಒಂದೇ ಮಾತಲ್ಲಿ ಹೇಳಿದರು. ಅಂಬೇಡ್ಕರರನ್ನೂ ಸಂತಾನಂ ಅವರನ್ನೂ ಬಿಟ್ಟುಕೊಡದೆ ಹೇಳಿದರು. ನನಗೆ ಕಣ್ಣು ತುಂಬಿ ಬಂತು.

ಹನುಮಂತಯ್ಯನವರ ಸರದಿ ಬಂದಾಗ ಸಭೆ ಹಗುರಾಯಿತು. ನಮಗೆ ಬೇಕಿದ್ದದ್ದು ವೀಣೆಯ, ಸಿತಾರಿನ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದು ಅವರು 1949ರ ನವೆಂಬರ್‌ನಲ್ಲಿ ದೂರಿದ್ದರು. ವಿಧಾನಸೌಧ ಕಟ್ಟಿಸಿದವರು ಸಂವಿಧಾನದ ಬಗ್ಗೆ ಹೀಗೂ ಹೇಳಿದ್ದರು, ಹೇಳಿಯೂ ಅದಕ್ಕೆ ಸಹಿ ಹಾಕಿದರು ಎಂಬುದು ಜನಕ್ಕೆ ಬಹಳ ಹಿಡಿಸಿತು.

ಅದೇ ತಂಡವನ್ನು ವಿಶ್ವವಿದ್ಯಾಲಯದ ವಿಚಾರ ಸಂಕಿರಣಕ್ಕೂ ಕರೆದರು. ದೊಡ್ಡ ಸಭಾಂಗಣ, ಒಳ್ಳೆ ಮೈಕು, ಚಪ್ಪಾಳೆ. ಅಲ್ಲಿ ನಾವು 1949ರ ನವೆಂಬರ್ 25ರ ಅಂಬೇಡ್ಕರರ ಭಾಷಣವನ್ನು ಸೇರಿಸಿಕೊಂಡೆವು. 7,635 ತಿದ್ದುಪಡಿ ಸೂಚನೆ ಬಂದವು, ಅದರಲ್ಲಿ 2,473 ಸಭೆಯ ಮುಂದೆ ಮಂಡನೆಯಾದವು ಎಂದು ಅವರೇ ಲೆಕ್ಕ ಕೊಟ್ಟ ಭಾಷಣ ಅದು. ರಾಜಕೀಯದಲ್ಲಿ ಸಮಾನತೆ ಬರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ ಎಂದು ಎಚ್ಚರಿಸಿದ್ದೂ ಅಲ್ಲೇ. ಪ್ರಶ್ನೆಗಳು ಚೆನ್ನಾಗಿ ಬಂದವು. ಆದರೆ ಎದ್ದವರೆಲ್ಲ ಪ್ರಶ್ನೆ ಕೇಳಿದರು, ಒಬ್ಬರೂ ವಾದಕ್ಕೆ ಇಳಿಯಲಿಲ್ಲ. ವಿಶ್ವವಿದ್ಯಾಲಯದವರು ಇಂಥ ಸಭೆಗಳನ್ನು ಕ್ಯಾಂಪಸ್ಸಿನ ಹೊರಗೆ, ಹತ್ತಿರದ ಊರುಗಳಲ್ಲಿ ನಡೆಸಬೇಕು ಎಂದು ಅಲ್ಲೇ ಹೇಳಿ ಬಂದೆ.

ಮಾಡಬೇಕು ಅನ್ನುವವರಿಗೆ ಒಂದು ಮಾತು. ಖರ್ಚು ಕಡಿಮೆ. ಮೈಕು ಪಂಚಾಯಿತಿ ಕೊಟ್ಟಿತು, ಮಂಡಕ್ಕಿ ಮತ್ತು ಟೀ ಸ್ತ್ರೀಶಕ್ತಿ ಸಂಘದ್ದು. ಸಮಯ ಹಿಡಿಯುವುದು ಅನುವಾದ ಮತ್ತು ಅಭ್ಯಾಸ, ಅದನ್ನು ಪರೀಕ್ಷೆ ಹತ್ತಿರ ಇಟ್ಟುಕೊಳ್ಳಬೇಡಿ. ಕಷ್ಟದ ಭಾಗವನ್ನು ಕತ್ತರಿಸಿ ಮೆತ್ತಗೆ ಮಾಡಲೂ ಬೇಡಿ. ಜನ ತಡೆದುಕೊಳ್ಳುತ್ತಾರೆ.

ಮುಂದಿನ ಶಿಬಿರಕ್ಕೆ ಭಾಷೆಯ ಚರ್ಚೆ ಬೇಕು ಎಂದು ಮಕ್ಕಳೇ ಕೇಳಿದ್ದಾರೆ. 1949ರ ಸೆಪ್ಟೆಂಬರ್ 12ರಿಂದ 14ರವರೆಗೆ ನಡೆದದ್ದು. ಪುಟಗಳು ತುಂಬ ಇವೆ, ಮೊದಲ ದಿನದ್ದನ್ನು ಹಂಚಿಕೊಟ್ಟಿದ್ದೇನೆ.