ಬಿಷಪ್ ಶೆಪರ್ಡರ ಬದುಕು ಬರೆದ ಬಗೆ

ನಿವೃತ್ತ ಬಿಷಪ್ಪರ ಜೀವನಚಿತ್ರ ಸಾಮಾನ್ಯವಾಗಿ ಸರ್ವಿಸ್ ರಿಜಿಸ್ಟರ್ ಓದಿದ ಹಾಗಿರುತ್ತದೆ: ದೀಕ್ಷೆ, ನೇಮಕ, ವರ್ಗಾವಣೆ, ನಿವೃತ್ತಿ. ನಮ್ಮ ಕ್ರೈಸ್ತ ಸಭೆಯ ಮಾಸಪತ್ರಿಕೆಗೆ ಇಂಗ್ಲೆಂಡಿನ ಡೇವಿಡ್ ಶೆಪರ್ಡರ ಬಗ್ಗೆ ಬರೆಯಲು ಕೂತಾಗ ನನ್ನ ಕಷ್ಟ ಬೇರೆಯೇ ಇತ್ತು. ಇವರು ಟೆಸ್ಟ್ ಕ್ರಿಕೆಟಿಗ. (111 ರನ್ ಬಂದಾಗ ಕಾಲೆತ್ತಿ ಕುಣಿಯುತ್ತಿದ್ದ, ಇದೇ ಹೆಸರಿನ ಅಂಪೈರ್ ಬೇರೆಯವರು!) 22 ಟೆಸ್ಟ್, ಮೂರು ಶತಕ, ಅದರಲ್ಲೊಂದು 1952ರಲ್ಲಿ ಓವಲ್‌ನಲ್ಲಿ ನಮ್ಮವರ ಮೇಲೇ ಹೊಡೆದ 119. ಸ್ವಲ್ಪ ಸಡಿಲ ಬಿಟ್ಟರೂ ಆಟವೇ ಪುಟವನ್ನೆಲ್ಲ ನುಂಗಿಬಿಡುತ್ತದೆ.

ಹಾಗಾಗಿ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಆಟ, ಬಲಕ್ಕೆ ಸಭೆ ಎಂದು ಇಸವಿಗಳನ್ನು ಬರೆದುಕೊಂಡೆ. 1955, ದೀಕ್ಷೆ. 1956, ಓಲ್ಡ್ ಟ್ರಾಫರ್ಡ್‌ನಲ್ಲಿ 113. ಜಿಮ್ ಲೇಕರ್ 19 ವಿಕೆಟ್ ಕಿತ್ತ ಪಂದ್ಯ ಅದು, ಶೆಪರ್ಡರ ಶತಕ ಯಾರಿಗೆ ನೆನಪಿರುತ್ತದೆ? 1957ರಿಂದ ಎಡಗಡೆ ಬಹುಮಟ್ಟಿಗೆ ಖಾಲಿ. ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನಿನಲ್ಲಿ, ಹಡಗುಕಟ್ಟೆಯ ಕೂಲಿಕಾರರ ನಡುವೆ, ಮೇಫ್ಲವರ್ ಎಂಬ ಕ್ರೈಸ್ತ ಸಮುದಾಯ ಕೇಂದ್ರದ ಕೆಲಸಕ್ಕೆ 1969ರವರೆಗೂ ನಿಂತುಬಿಟ್ಟರು.

ಆ ಖಾಲಿ ಜಾಗದಲ್ಲಿ ನಾನು ಬರೆದುಕೊಂಡ ಒಂದು ಸಾಲು ‘1960: ಆಡಲಿಲ್ಲ’. ವರ್ಣಭೇದದ ದಕ್ಷಿಣ ಆಫ್ರಿಕಾ ತಂಡದೆದುರು ಆಡುವುದಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಇಡೀ ಲೇಖನವನ್ನು ಕಟ್ಟಿದ್ದು ಈ ಸಾಲಿನ ಮೇಲೆ. ಅಲ್ಲಿಂದ ನೇರ 1968ಕ್ಕೆ ಬಂದೆ. ಕೇಪ್‌ಟೌನಿನಲ್ಲಿ ಹುಟ್ಟಿದ, ಬಿಳಿಯರಲ್ಲದ ಬೇಸಿಲ್ ಡಿ’ಒಲಿವೇರಾ ಇರುವ ಇಂಗ್ಲೆಂಡ್ ತಂಡವನ್ನು ಅಲ್ಲಿನ ಸರ್ಕಾರ ಬೇಡವೆಂದಿತು, ಪ್ರವಾಸ ರದ್ದಾಯಿತು. ಆ ಡಿಸೆಂಬರಿನಲ್ಲಿ, ಆಗ ಇಂಗ್ಲೆಂಡ್ ತಂಡವನ್ನು ಪ್ರವಾಸಕ್ಕೆ ಕಳಿಸುತ್ತಿದ್ದ ಎಂಸಿಸಿ ಕ್ಲಬ್ಬಿನ ವಿಶೇಷ ಸಭೆ ಸೇರಿದಾಗ, ಈ ಪ್ರಕರಣವನ್ನು ನಿಭಾಯಿಸಿದ ರೀತಿಗಾಗಿ ಕ್ಲಬ್ಬಿನ ಆಡಳಿತದ ವಿರುದ್ಧ ಗೊತ್ತುವಳಿ ಮಂಡಿಸಿದವರು ಶೆಪರ್ಡ್, ಅನುಮೋದಿಸಿದವರು ಮುಂದೆ ಇಂಗ್ಲೆಂಡ್ ನಾಯಕರಾದ ಮೈಕ್ ಬ್ರಿಯರ್ಲಿ. ಗೊತ್ತುವಳಿ ಬಿದ್ದುಹೋಯಿತು. ಹಳೆಯ ಗೆಳೆತನಗಳೂ ಕೆಟ್ಟವು. ಇಷ್ಟಕ್ಕೇ ಒಂದು ಪೂರಾ ಪುಟ ಕೊಟ್ಟೆ. ಮೂರನೆಯದಾದ ಮೆಲ್ಬರ್ನಿನ ಶತಕಕ್ಕೆ ಅರ್ಧ ವಾಕ್ಯ ಸಾಕಾಯಿತು.

1975ರಿಂದ 1997ರವರೆಗೆ ಲಿವರ್‌ಪೂಲಿನ ಬಿಷಪ್. ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಜಗಳ ಬೀದಿಗೆ ಬರುತ್ತಿದ್ದ ಊರು. ಹೋಪ್ ಸ್ಟ್ರೀಟಿನ ಒಂದು ತುದಿಗೆ ಇವರ ಕೆಥೆಡ್ರಲ್, ಇನ್ನೊಂದು ತುದಿಗೆ ಕ್ಯಾಥೊಲಿಕರದು. ಅಲ್ಲಿನ ಆರ್ಚ್‌ಬಿಷಪ್ ಡೆರೆಕ್ ವರ್ಲಾಕ್ ಮತ್ತು ಇವರು ಎಲ್ಲಿಗೂ ಜೊತೆಗೇ. ಜನ ಇಬ್ಬರಿಗೂ ಸೇರಿಸಿ ‘ಫಿಶ್ ಅಂಡ್ ಚಿಪ್ಸ್’ ಎಂದು, ಅಲ್ಲಿ ಪೇಪರಿನಲ್ಲಿ ಸುತ್ತಿಕೊಡುತ್ತಿದ್ದ ಮೀನು-ಆಲೂಗಡ್ಡೆ ತಿಂಡಿಯ ಹೆಸರಿಟ್ಟಿದ್ದರಂತೆ: ಸದಾ ಜೋಡಿ, ಸದಾ ಪೇಪರಿನಲ್ಲಿ! ನಗರದ ಬಡಾವಣೆಗಳ ಬಡತನ ಕುರಿತ ಚರ್ಚಿನ ಆಯೋಗಕ್ಕೆ ಶೆಪರ್ಡ್ ಉಪಾಧ್ಯಕ್ಷರು. 1985ರ ಆ ವರದಿಯನ್ನು ಥ್ಯಾಚರ್ ಸರ್ಕಾರದ ಕಡೆಯವರು ಮಾರ್ಕ್ಸ್‌ವಾದವೆಂದು ಜರೆದರು. ನನ್ನ ಮಟ್ಟಿಗೆ ಅದು ಕ್ಯಾನಿಂಗ್ ಟೌನಿನಲ್ಲೇ ಶುರುವಾದ ಕೆಲಸ.

ನಿವೃತ್ತಿ, 1998ರಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯತ್ವ, 2005ರ ಮಾರ್ಚ್‌ನಲ್ಲಿ ಸಾವು: ಎಲ್ಲ ಎರಡೇ ಸಾಲಿನಲ್ಲಿ ಮುಗಿಸಿದೆ. ಸಂಪಾದಕರು ಶೀರ್ಷಿಕೆಯಲ್ಲಿ ‘ಕ್ರಿಕೆಟಿಗ’ ಮೊದಲು ಬರಲಿ, ಹುಡುಗರು ಓದುತ್ತಾರೆ ಎಂದರು. ನಾನು ಒಪ್ಪದೆ ‘ಬಿಷಪ್’ ಎಂದೇ ಉಳಿಸಿ, ಫೋಟೊ ಮಾತ್ರ ಬ್ಯಾಟ್ ಹಿಡಿದದ್ದು ಹಾಕಿಸಿದೆ.