ಬಫಿಂಗ್ ಚಕ್ರ ಬಿಟ್ಟು ಅಂಬರ್‌ಗೆ ಹೊಳಪು: ನನ್ನ ಅನುಭವ

ಅಂಬರ್‌ಗೆ (ಕೋಟಿಗಟ್ಟಲೆ ವರ್ಷದಲ್ಲಿ ಕಲ್ಲಿನಂತಾದ ಮರದ ಅಂಟು) ಕನ್ನಡಿಯಂಥ ಹೊಳಪು ಬೇಕಾದರೆ ಯಂತ್ರದಲ್ಲಿ ತಿರುಗುವ ಬಫಿಂಗ್ ಚಕ್ರ ಇರಲೇಬೇಕು, ಬರಿಗೈಯಲ್ಲಿ ಆಗುವ ಮಾತಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಆದರೆ ನಾನು ನೀರು, ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ), ಬಟ್ಟೆ, ಹೊಳಪಿನ ಪುಡಿ ಇಷ್ಟರಲ್ಲೇ ಬಾಲ್ಟಿಕ್ ಸಮುದ್ರದ ಕಡೆಯ ಅಂಬರ್‌ನ ಸುಮಾರು 40 ತುಂಡು ಮುಗಿಸಿದ್ದೇನೆ. ದೀಪಕ್ಕೆ ಓರೆಯಾಗಿ ಹಿಡಿದರೂ ಗೀರು ಕಾಣುವುದಿಲ್ಲ.

ಚಕ್ರ ಕೆಡಿಸುವುದು ಶಾಖದಿಂದ. ಅಂಬರ್ ಮೆದು, ಗಡಸುತನ ಹೇಳುವ ಮೋಸ್ ಅಳತೆಯಲ್ಲಿ 2ರಿಂದ 2.5. ಮೇಲಾಗಿ ಬಿಸಿ ಅದರೊಳಗೆ ಹರಡುವುದಿಲ್ಲ, ಚಕ್ರ ತಾಗಿದ ಜಾಗವೇ ಕಾದು ಅಂಟಾಗುತ್ತದೆ. ಆ ಅಂಟಿಗೆ ಪುಡಿ ಮೆತ್ತಿ ಮಂಕಾಗುತ್ತದೆ. ಒಂದು ಚೂರು ಹೆಚ್ಚು ಒತ್ತಿದರೆ ಜೇಡರ ಬಲೆಯಂಥ ಬಿರುಕು. ಮೊದಲ ಸಲ ಕೊಂಡ ತುಂಡುಗಳಿಗೆ ಹಾಕಿದ ಹಣದಲ್ಲಿ ಮೂರನೇ ಒಂದು ಪಾಲು ಹೀಗೇ ಹೋಯಿತು.

ಎರಡನೇ ನಷ್ಟ ಕೋಪಲ್‌ನಿಂದ. ಅದೂ ಗಟ್ಟಿಯಾದ ಮರದ ಅಂಟೇ, ನೋಡಲು ಅಂಬರೇ, ಆದರೆ ವಯಸ್ಸು ತೀರಾ ಎಳೆಯದು. ಬಾಲ್ಟಿಕ್ ಅಂಬರ್‌ಗೆ 4 ಕೋಟಿ ವರ್ಷಕ್ಕೂ ಮೇಲೆ. ಈಗ ಕೊಳ್ಳುವ ಮೊದಲೇ ಎರಡು ಪರೀಕ್ಷೆ. ಒಂದು ಲೋಟ ನೀರಿಗೆ 45 ಗ್ರಾಂ ಆಸುಪಾಸು ಉಪ್ಪು ಕರಗಿಸಿದರೆ ಅಂಬರ್ ತೇಲುತ್ತದೆ, ಬೇಕಲೈಟ್ ಎಂಬ ಹಳೇ ಪ್ಲಾಸ್ಟಿಕ್ ಮುಳುಗುತ್ತದೆ. ಕೋಪಲ್ಲೂ ತೇಲುವುದರಿಂದ ಹಿಂಬದಿಯ ಮೂಲೆಗೆ ಒಂದು ಹನಿ ಅಸಿಟೋನ್ ಇಟ್ಟು ಅರ್ಧ ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಬೇಕು. ಅಂಟಿದರೆ ಕೋಪಲ್. ಉಣ್ಣೆಗೆ ತಿಕ್ಕಿ ಕಾಗದದ ಚೂರು ಎಳೆಯುವುದನ್ನು ನಂಬಬೇಡಿ. ಹುಲ್ಲುಕಡ್ಡಿ ಸೆಳೆಯುವುದರಿಂದಲೇ ತೃಣಮಣಿ ಎಂಬ ಹೆಸರು ಬಂದದ್ದು ನಿಜ, ಆದರೆ ಪ್ಲಾಸ್ಟಿಕ್ಕೂ ಸೆಳೆಯುತ್ತದೆ.

ಇನ್ನು ಉಜ್ಜುವುದು. ಹೊರಪೊರೆಗೆ 220 ನಂಬರಿನ ಪೇಪರ್ (ನಂಬರ್ ಏರಿದಷ್ಟೂ ನುಣುಪು), ಆಮೇಲೆ 400, 600, 800, 1200, 2000. ಪೇಪರ್ ಗಾಜಿನ ಮೇಲೆ ಹಾಸಿ, ನೀರಿಗೆ ಒಂದು ಹನಿ ಸೋಪು ಬಿಟ್ಟುಕೊಳ್ಳಿ. ನಂಬರ್ ಬದಲಿಸಿದಾಗೆಲ್ಲ ದಿಕ್ಕು ಅಡ್ಡಕ್ಕೆ ತಿರುಗಲಿ, ಹಿಂದಿನ ಗೀರು ಪೂರ್ತಿ ಅಳಿಯುವ ತನಕ ಮುಂದಕ್ಕೆ ಹೋಗಬಾರದು. ಎಲ್ಲರೂ ಎಡವುವುದು ಇಲ್ಲೇ: ಒದ್ದೆ ತುಂಡು ಹೊಳೆಯುತ್ತದೆ, ಆಯಿತು ಅಂದುಕೊಳ್ಳುತ್ತಾರೆ. ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ನೋಡಿ. 400ರ ಗೀರು 1200 ದಾಟಿದ ಮೇಲೂ ಎದ್ದು ಕಾಣುತ್ತದೆ. ಅದಕ್ಕೆ ಮತ್ತೆ 600ಕ್ಕೇ ಇಳಿಯಬೇಕು, ಅಡ್ಡದಾರಿ ಇಲ್ಲ. ಹೆಬ್ಬೆಟ್ಟಿನಷ್ಟು ತುಂಡಿಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಕೊನೆಗೆ ಫ್ಲಾನೆಲ್ ಮೇಲೆ ಅಲ್ಯುಮಿನಿಯಂ ಆಕ್ಸೈಡ್ ಪುಡಿ. ಅದನ್ನು ಏತರಲ್ಲಿ ಕಲಸುತ್ತೇನೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ತೂತಿಗೆ 1 ಮಿಲಿಮೀಟರ್ ಬಿಟ್ (ಕೊರೆಯುವ ಕಡ್ಡಿ), ಕೈಯಲ್ಲೇ ತಿರುಗಿಸುವುದು. ಎರಡೂ ಕಡೆಯಿಂದ ಕೊರೆದು ಮಧ್ಯದಲ್ಲಿ ಸೇರಿಸಿ. ಒಂದೇ ಕಡೆಯಿಂದ ಕೊರೆದರೆ ಹೊರಬರುವಾಗ ಅಂಚು ಚಕ್ಕೆ ಏಳುತ್ತದೆ. ಪ್ರತಿ 2 ಮಿಲಿಮೀಟರಿಗೆ ಬಿಟ್ ಎಳೆದು ಪುಡಿ ತೆಗೆಯದಿದ್ದರೆ ಅದು ಒಳಗೇ ಬೆಂದು ಬಿಳಿ ಗೆರೆಯಾಗಿ ನಿಲ್ಲುತ್ತದೆ, ತಿಳಿ ಅಂಬರ್‌ನಲ್ಲಿ ಆ ಗೆರೆ ಮುಚ್ಚಲು ಸಾಧ್ಯವೇ ಇಲ್ಲ.

ನಡುವೆ ಒಂದು ಪ್ರಯೋಗ. ಮಬ್ಬು ಅಂಬರ್‌ನ ಮಬ್ಬಿಗೆ ಕಾರಣ ಒಳಗಿನ ಸಣ್ಣ ಗುಳ್ಳೆಗಳು. ಹಾಲು ಕುಡಿಯುವ ಹಂದಿಮರಿಯ ಕೊಬ್ಬಿನಲ್ಲಿ ಅಂಬರ್ ಕುದಿಸುವ ಪದ್ಧತಿಯನ್ನು ರೋಮಿನ ಬರಹಗಾರ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಆ ಮಬ್ಬು ಕಳೆಯಲು ನಾನು ಅಗಸೆ ಎಣ್ಣೆಯಲ್ಲಿ, ಗಂಟೆಗೆ ಹತ್ತೋ ಹದಿನೈದೋ ಡಿಗ್ರಿಯಂತೆ ಬಿಸಿ ಏರಿಸಿದೆ. ಐದರಲ್ಲಿ ಎರಡು ತಿಳಿಯಾದವು. ಒಂದನ್ನು ಬೇಗ ಹೊರತೆಗೆದದ್ದಕ್ಕೆ ಒಳಗೆಲ್ಲ ಮೀನಿನ ಹುರುಪೆಯಂಥ ದುಂಡು ಬಿರುಕು ಮೂಡಿದವು. ಕೆಲವರು ಇದನ್ನು ಬೇಕೆಂದೇ ಮಾಡಿಸುತ್ತಾರೆ, ಬೆಳಕಿಗೆ ಹಿಡಿದರೆ ಚೆಂದವೇ. ಬೇಡವೆಂದರೆ ಎಣ್ಣೆಯಲ್ಲೇ ರಾತ್ರಿಯಿಡೀ ಆರಲು ಬಿಡಿ.

ಕೊಳ್ಳುವವರಿಗೆ ನಾನು ತಪ್ಪದೆ ಹೇಳುವುದಿಷ್ಟು: ಸೆಂಟು, ಹೇರ್ ಸ್ಪ್ರೇ ಹಾಕಿಕೊಂಡು ಅದು ಆರಿದ ಮೇಲೆ ಅಂಬರ್ ಧರಿಸಿ. ಸ್ಪಿರಿಟ್, ಹಬೆ, ಅಲ್ಟ್ರಾಸಾನಿಕ್ ಯಂತ್ರ ಯಾವುದೂ ಬೇಡ, ಒದ್ದೆ ಹತ್ತಿಬಟ್ಟೆ ಸಾಕು. ಸರವಾದರೆ ಮಣಿಮಣಿಗೂ ನಡುವೆ ಗಂಟು ಹಾಕಿಸಿ, ಇಲ್ಲದಿದ್ದರೆ ಒಂದನ್ನೊಂದು ತೇಯುತ್ತವೆ.